ನೋಡಬಾರದ ಹಿಡಿ

ಸುನಂದಾ ಕೆಟ್ಟ ಹೆಂಗಸಲ್ಲ. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು, ಯಾಕೆಂದರೆ ಅಮೀನಗಡದ ಆ ಓಣಿಯಲ್ಲಿ ನಿಂತು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಕಾರ್ಖಾನೆಯ ಹೆಂಗಸರಿಗೆ ಹೆಡ್ ಆದಮೇಲೆ ಆಕೆಯ ತಲೆ ತಿರುಗಿತು ಅನ್ನುವವರೂ ಇದ್ದಾರೆ. ತಲೆ ತಿರುಗುವ ಪೈಕಿಯವಳೇ ಅಲ್ಲ ಅವಳು. ಬಸ್ಸಿನಲ್ಲಿ ತನಗೆ ಸೀಟು ಸಿಕ್ಕರೆ ನಿಂತವರ ಚೀಲವನ್ನೆಲ್ಲ ತೊಡೆಯ ಮೇಲೆ ಪೇರಿಸಿಕೊಂಡು ಮೂಗಷ್ಟೇ ಕಾಣುವಂತೆ ಕೂತಿರುವವಳು. ತಪ್ಪಾಯಿತು, ಅದು ಬೇರೆ ಮಾತು. ತಪ್ಪಾದರೂ ಎಂಥದ್ದು? ಯಾರಿಗೂ ಬಾಯಿಬಿಟ್ಟು ಬಯ್ಯಲು ಬರುವುದಿಲ್ಲ, ಅವಳಿಗೆ ನುಂಗಿಕೊಳ್ಳಲೂ ಬರುವುದಿಲ್ಲ, ಅಂಥದ್ದು.

ಅವಳು ದುಡಿಯುವುದು ಕರದಂಟಿನ ಕಾರ್ಖಾನೆಯಲ್ಲಿ. ಕಾರ್ಖಾನೆ ಅಂದರೆ ಹೊಗೆ ಕೊಳವೆ, ಸೈರನ್ನು ಅಂತ ಏನೂ ಇಲ್ಲ. ಮುಂದೆ ರಸ್ತೆಗೆ ಅಂಗಡಿ, ಹಿಂದೆ ಒಲೆಗಳ ಸಾಲು, ಅದರ ಹಿಂದೆ ಕಲ್ಲು ಹಾಸಿದ ಉದ್ದನೆಯ ಪಡಸಾಲೆ. ಒಲೆಯ ಕಡೆ ಗಂಡಸರು ತುಪ್ಪದಲ್ಲಿ ಅಂಟು ಕರಿಯುತ್ತಾರೆ, ಬೆಲ್ಲದ ಪಾಕ ತಿರುವುತ್ತಾರೆ. ಪಡಸಾಲೆಯಲ್ಲಿ ಹೆಂಗಸರು ಉತ್ತತ್ತಿ, ಕೊಬ್ಬರಿ, ಗೋಡಂಬಿ ಹೆಚ್ಚುತ್ತಾರೆ. ಮೊದಲು ಅವರು ನೆಲದ ಮೇಲೆ ದುಂಡಗೆ ಕೂರುತ್ತಿದ್ದರು. ನಡುವೆ ಎಲ್ಲರಿಗೂ ಸೇರಿ ಒಂದೇ ಬಿಳಿ ಬಟ್ಟೆ, ಅದರ ಮೇಲೆ ತಂತಮ್ಮ ಮುಂದೆ ತಂತಮ್ಮ ರಾಶಿ, ಕೈಯಲ್ಲಿ ಅಡಕೊತ್ತು, ಬಾಯಲ್ಲಿ ಊರ ಮಂದಿಯ ಸಂಸಾರ.

ಸುನಂದಾ ಅಲ್ಲಿಗೆ ಬಂದಾಗ ಮದುವೆಯಾದ ಹೊಸತು. ಗಂಡನ ಟಂಟಂ ಗಾಡಿ ಓಡಿದರೆ ಓಡಿತು, ಇಲ್ಲದಿದ್ದರೆ ಮನೆಯ ಮುಂದೆ ಕೋಳಿ ಕೂರುವುದಕ್ಕೆ ನೆರಳಾಯಿತು. ಬಾಗಿಲಲ್ಲಿ ನಿಂತು ಸೆರಗಿನ ತುದಿ ತಿರುಚುತ್ತಿದ್ದ ಹುಡುಗಿಯನ್ನು ಸಂಗವ್ವ ಎಂಬಾಕೆ ಮಣಿಕಟ್ಟು ಹಿಡಿದು ಎಳೆದು ತನ್ನ ಮಗ್ಗುಲಿಗೆ ಕೂರಿಸಿಕೊಂಡಳು. ಆ ದುಂಡಿನಲ್ಲಿ ಸಂಗವ್ವನೇ ಹಿರಿಯಳು. ಜಗಳ ಬಂದರೆ ಅವಳೇ ಬಗೆಹರಿಸಬೇಕು, ಹಾಡು ಬಂದರೆ ಅವಳೇ ಎತ್ತಿಕೊಡಬೇಕು.

ಮೊದಲ ದಿನವೇ ಸುನಂದಾ ಹೆಬ್ಬೆರಳು ಕೊಯ್ದುಕೊಂಡಳು. ಎಲ್ಲರ ಮುಂದೆ ರಾಶಿ ಏರುತ್ತಿತ್ತು, ಇವಳ ಮುಂದೆ ಮಾತ್ರ ಗುಬ್ಬಿಗೆ ಚೆಲ್ಲಿದಷ್ಟು. ಸಂಜೆ ದೊಡ್ಡ ಸಾವುಕಾರರು ಕೈ ಹಿಂದೆ ಕಟ್ಟಿಕೊಂಡು ಒಂದು ಸುತ್ತು ಬರುತ್ತಿದ್ದರು. ರಾಶಿ ಸಣ್ಣದಿದ್ದವರ ಮುಂದೆ ನಿಂತು ಕೆಮ್ಮುತ್ತಿದ್ದರು. ಆ ಕೆಮ್ಮು ಮತ್ತೆ ಮತ್ತೆ ಬಂತೆಂದರೆ ನಾಳೆಯಿಂದ ಮನೆಯಲ್ಲಿರು ಎಂದೇ ಲೆಕ್ಕ. ಅವರ ಚಪ್ಪಲಿಯ ಸದ್ದು ಸುನಂದಾಳ ಹತ್ತಿರ ಬಂತು. ಅಷ್ಟರಲ್ಲಿ ಮಗ್ಗುಲಿಂದ ಒಂದು ಕೈ ಬಂದು, ಹೆಚ್ಚಿದ ಉತ್ತತ್ತಿ ಒಂದು ಹಿಡಿ ಅವಳ ರಾಶಿಗೆ ಬಿತ್ತು. ಆ ಕಡೆಯಿಂದ ಇನ್ನೊಂದು ಹಿಡಿ. ಎದುರಿನವಳು ಬಟ್ಟೆ ಸರಿಮಾಡುವ ನೆಪದಲ್ಲಿ ಬಗ್ಗಿ ಮತ್ತೊಂದು. ಸಾವುಕಾರರು ಕೆಮ್ಮದೆ ಮುಂದೆ ಹೋದರು.

"ಯಕ್ಕಾ..." ಎಂದು ಸುನಂದಾ ತಿರುಗಿದಳು.

"ಏಯ್, ಈ ಕಡೆ ನೋಡಬ್ಯಾಡ," ಎಂದಳು ಸಂಗವ್ವ, ತುಟಿ ಅಲುಗಿಸದೆ. "ಹಿಡಿ ಹಾಕಿದ್ದನ್ನ ಯಾರೂ ನೋಡಬಾರ್ದು. ಹಾಕಿಸ್ಕೊಂಡಾಕಿ ಅಂತೂ ನೋಡಲೇಬಾರ್ದು. ಗಪ್ಪನ ಹೆಚ್ಚು."

ಆ ದುಂಡಿನ ಪದ್ಧತಿಯೇ ಹಾಗಿತ್ತು. ಬಸುರಿಗೆ, ಕೂಸಿನ ಜ್ವರಕ್ಕೆ ನಿದ್ದೆಗೆಟ್ಟವಳಿಗೆ, ಗಂಡನಿಂದ ಏಟು ತಿಂದು ಮುಖ ಊದಿಸಿಕೊಂಡು ಬಂದವಳಿಗೆ, ಯಾರ ಕೈ ಅವತ್ತು ಸೋತಿದೆಯೋ ಅವಳ ರಾಶಿಗೆ ಅಕ್ಕಪಕ್ಕದವರ ಹಿಡಿ ಬೀಳುತ್ತಿತ್ತು. ಹಾಕು ಅಂತ ಯಾರೂ ಹೇಳುತ್ತಿರಲಿಲ್ಲ. ಹಾಕಿದೆ ಅಂತ ಯಾರೂ ಆಡಿಕೊಳ್ಳುತ್ತಿರಲಿಲ್ಲ. ಉಪಕಾರ ಅನ್ನುವ ಮಾತೇ ಅಲ್ಲಿ ಇರಲಿಲ್ಲ.

ವರ್ಷಗಳು ಹೋದವು. ಸುನಂದಾಳ ಮಗಳು ಬೆಳೆದು ಇಳಕಲ್ಲಿಗೆ ಸೊಸೆಯಾಗಿ ಹೋದಳು. ಸಂಗವ್ವನ ಗಂಡ ತೀರಿಕೊಂಡ. ಆಮೇಲೆ ಸಂಗವ್ವನ ಕೈ ನಡುಗಲು ಶುರುವಾಯಿತು. ಮೊದಲು ಚಹಾದ ಬಸಿಯಲ್ಲಿ ಅಲೆ ಎದ್ದಿತು, ಆಮೇಲೆ ಅಡಕೊತ್ತು ಉತ್ತತ್ತಿಯನ್ನು ಬಿಟ್ಟು ಗಾಳಿ ಕಡಿಯತೊಡಗಿತು. ಸುನಂದಾ ಎಡಗಡೆಯಿಂದ ಹಿಡಿ ಹಾಕಿದಳು. ಬಲಗಡೆ ಕೂರುತ್ತಿದ್ದ ಆಯೇಶಾ ಎಂಬ ಹುಡುಗಿ, ನಿನ್ನೆ ಮೊನ್ನೆ ಬಂದವಳು, ತಾನೂ ಹಾಕಿದಳು. ಹೀಗೆ ಒಂದು ದಿನವಲ್ಲ, ವರ್ಷಗಟ್ಟಲೆ. ಸಂಗವ್ವ ಒಮ್ಮೆಯೂ ನೋಡಲಿಲ್ಲ. ತಾನೇ ಕಲಿಸಿದ ಪದ್ಧತಿಯನ್ನು ತಾನು ಮುರಿದಾಳೆಯೇ? ಜೋರಾಗಿ ಹಾಡು ಹೇಳುತ್ತಿದ್ದಳು, ಮಂದಿಯನ್ನು ನಗಿಸುತ್ತಿದ್ದಳು, ಸಂಜೆ ಅವಳ ರಾಶಿ ಎಲ್ಲರಷ್ಟೇ ಇರುತ್ತಿತ್ತು.

ದೊಡ್ಡ ಸಾವುಕಾರರು ಹಾಸಿಗೆ ಹಿಡಿದ ಮೇಲೆ ಮಗ ವಿಜಯಮಹಾಂತೇಶ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಕೂತ. ಒಳ್ಳೆಯ ಹುಡುಗ, ಕೆಮ್ಮುವ ಚಟವಿರಲಿಲ್ಲ. ಪುಣೆಯ ದೊಡ್ಡ ಅಂಗಡಿಯವರು ಮಾಲು ನೋಡಲು ಬಂದರು. ರುಚಿಗೆ ತಲೆದೂಗಿದರು, ಪಡಸಾಲೆಗೆ ಬಂದು ಮೂಗು ಮುರಿದರು. ನೆಲದ ಮೇಲೆ ಕೂತು ಹೆಚ್ಚಿದ್ದು ನಮಗೆ ನಡೆಯುವುದಿಲ್ಲ ಎಂದರು. ವಿಜಯಮಹಾಂತೇಶ ಮೊಬೈಲಿನಲ್ಲಿ ಎಲ್ಲಿಯದೋ ಕಾರ್ಖಾನೆಯ ಫೋಟೊ ಹುಡುಕಿದ. ಸ್ಟೀಲಿನ ಸಣ್ಣ ಸಣ್ಣ ಟೇಬಲ್ಲು, ಒಬ್ಬೊಬ್ಬರಿಗೆ ಒಂದೊಂದು ತಾಟು, ತಲೆಗೆ ಟೊಪ್ಪಿಗೆ, ಮೂಲೆಯಲ್ಲಿ ತೂಕದ ಮಷಿನ್ನು. ಪಡಸಾಲೆಯಲ್ಲಿ ನಿಂತು, ಬರುವ ತಿಂಗಳಿನಿಂದ ಹೀಗೆ ಎಂದು ಹೇಳಿಬಿಟ್ಟ. ಮರುದಿನ ಅರ್ಧ ಮಂದಿ ಕೆಲಸಕ್ಕೇ ಬರಲಿಲ್ಲ. ಒಬ್ಬಳಿಗೆ ತಲೆನೋವು, ಒಬ್ಬಳ ಮಾವನಿಗೆ ಹುಷಾರಿಲ್ಲ, ಇನ್ನೊಬ್ಬಳಿಗೆ ನೆಪವೂ ಸಿಗಲಿಲ್ಲ, ಸುಮ್ಮನೆ ಬರಲಿಲ್ಲ.

ಆಗ ಅವನು ಸುನಂದಾಳನ್ನು ಕರೆದ.

"ಸುನಂದಕ್ಕ, ನೀವ ಹೆಡ್ ಆಗ್ರಿ. ನಾ ಹೇಳಿದ್ರ ಹೆದರ್ತಾರ, ನೀವು ಹೇಳಿದ್ರ ತಿಳ್ಕೋತಾರ. ಈ ಆರ್ಡರ್ ಹೋತಂದ್ರ ಅರ್ಧಾ ಮಂದೀನ ಮನೀಗೆ ಕಳಿಸೋ ವ್ಯಾಳ್ಯಾ ಬರತೈತ್ರಿ."

ಸುನಂದಾ ಯೋಚಿಸಿದಳು. ಅವಳ ಮೊಣಕಾಲುಗಳೂ ಯೋಚಿಸಿದವು ಅನ್ನಬೇಕು. ಕಲ್ಲಿನ ನೆಲದ ಮೇಲೆ ಕೂತು ಕೂತು ಎದ್ದೇಳುವಾಗ ಅವು ಕಟಕಟ ಅನ್ನುತ್ತಿದ್ದವು. ಟೇಬಲ್ಲು ಬಂದರೆ ಒಳ್ಳೆಯದೇ. ಆರ್ಡರು ಉಳಿದರೆ ಎಲ್ಲರ ಅನ್ನವೂ ಉಳಿಯಿತು. ಇದರಲ್ಲಿ ಸುಳ್ಳಿರಲಿಲ್ಲ, ಮೋಸವಿರಲಿಲ್ಲ. ಅವಳು ಹೂಂ ಅಂದಳು.

ಆ ಕೆಲಸವನ್ನು ಎಷ್ಟು ಚಂದ ಮಾಡಿದಳು! ಪಡಸಾಲೆಯಲ್ಲಿ ಭಾಷಣ ಬಿಗಿಯಲಿಲ್ಲ. ಮನೆಮನೆಗೆ ಹೋದಳು, ಒಲೆಯ ಮುಂದೆ ಕೂತಳು, ಕೊಟ್ಟ ಚಹಾ ಕುಡಿದಳು, ಅವರ ಬೆನ್ನು ನೋವು ಕೇಳಿದಳು, ತನ್ನ ಮೊಣಕಾಲು ತೋರಿಸಿದಳು. ಎಲ್ಲರೂ ಕೇಳಿಸಿಕೊಂಡು ಕೊನೆಗೆ ಒಂದೇ ಮಾತು ಅಂದರು: "ಸಂಗವ್ವಕ್ಕ ಏನಂತಾಳ?"

ಸಂಗವ್ವ ಮನೆಯ ಕಟ್ಟೆಯ ಮೇಲೆ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದಳು. ಕೈ ನಡುಗುತ್ತಿದ್ದರಿಂದ ಮೊರ ತಾನೇ ಕೇರಿಕೊಳ್ಳುತ್ತಿತ್ತು.

"ಬಾ ತಂಗಿ. ಹೆಡ್ ಆಗಿದ್ದಕ್ಕ ಪೇಡೆ ತಂದಿಯೋ, ಬರೇ ಕೈಲೆ ಬಂದಿಯೋ?"

"ಬರೇ ಕೈಲೆ ಬಂದೇನಬೇ ಯಕ್ಕಾ. ಬೇಡಾಕ ಬಂದೇನಿ," ಎಂದು ಸುನಂದಾ ಕೂತು ಎಲ್ಲವನ್ನೂ ಹೇಳಿದಳು. "ಮಂದಿ ಎಲ್ಲಾ ನಿನ್ನ ಬಾಯಿ ನೋಡಾಕತ್ತೈತಿ. ನೀ ಮದಲ ಕುಂತ್ರ ಎಲ್ಲಾರೂ ಕುಂದರ್ತಾರ."

"ಕುಂದ್ರಾಕ ಸ್ಟೂಲು ಕೊಡ್ತಾರೇನು?"

"ಕೊಡ್ತಾರ."

"ಛಲೋ ಆತು ಬಿಡು, ನಿನ್ನ ಮೊಣಕಾಲಿಗೆ." ಸಂಗವ್ವ ಮೊರದಲ್ಲಿದ್ದ ಹರಳು ಆರಿಸಿ ಎಸೆದಳು. "ಒಬ್ಬೊಬ್ಬರಿಗೆ ಒಂದೊಂದ ಟೇಬಲ್ಲೇನು?"

"ಹೂಂ."

"ತೂಕಾನೂ ಒಬ್ಬೊಬ್ಬರದ?"

"ಹೂಂನಬೇ."

ಸಂಗವ್ವ ಮೊರವನ್ನು ತೊಡೆಯ ಮೇಲೆ ಇಳಿಸಿದಳು. ಸುನಂದಾಳಿಗೆ ಆಗಲೇ ತಿಳಿಯಿತು. ತಿಳಿಯದೆ ಏನು? ಅಷ್ಟು ವರ್ಷ ಆ ರಾಶಿಗೆ ಹಿಡಿ ಹಾಕಿದ ಕೈ ಅವಳದೇ. ಆದರೆ ಇದೊಂದು ವಿಷಯ ಈಗಲೇ ಎತ್ತಿದರೆ ಕೂಡಿಬಂದದ್ದೆಲ್ಲ ಕೆಡುತ್ತದೆ, ಎಲ್ಲರೂ ಒಪ್ಪಿ ಕೆಲಸ ಒಂದು ಹದಕ್ಕೆ ಬರಲಿ, ಆಮೇಲೆ ಸಣ್ಣ ಸಾವುಕಾರರ ಕಿವಿಗೆ ಹಾಕಿ ಸಂಗವ್ವನಿಗೆ ಬೇರೆ ದಾರಿ ಮಾಡಿದರಾಯಿತು ಅಂದುಕೊಂಡಳು. ಆಮೇಲೆ, ಆಮೇಲೆ! ಆ ಹಾಳು ಆಮೇಲೆ ಎಷ್ಟು ಮಂದಿಯ ಮನೆ ಕೆಡಿಸಿಲ್ಲ.

"ನಿಂದು ನಾ ನೋಡ್ಕೊಂತೇನಬೇ ಯಕ್ಕಾ," ಎಂದಳು. "ನಿನ್ನ ಕೈ ಬಿಡೂದಿಲ್ಲ."

"ಆತ್ ತೊಗೋ," ಎಂದಳು ಸಂಗವ್ವ. "ನಾನ ಮದಲ ಕುಂದರ್ತೇನಿ. ನೀ ಅಂಜಬ್ಯಾಡ."

ಟೇಬಲ್ಲುಗಳು ಬಂದ ದಿನ ಪಡಸಾಲೆಯ ಬಾಗಿಲಲ್ಲಿ ಎಲ್ಲರೂ ಒಬ್ಬರ ಹಿಂದೊಬ್ಬರು ಅಡಗಿ ನಿಂತಿದ್ದರು. ಸಂಗವ್ವ ಮುಂದೆ ಬಂದು ಟೊಪ್ಪಿಗೆ ಹಾಕಿಕೊಂಡು, ಸ್ಟೂಲಿನ ಮೇಲೆ ಏರಿ ಕೂತು, ಸೊಂಟದ ಮೇಲೆ ಕೈಯಿಟ್ಟಳು.

"ನೋಡ್ರೆವಾ, ಮದಲಗಿತ್ತಿ ಹಂಗ ಕಾಣ್ತೇನಿಲ್ಲೋ? ಮದಲಿಂಗ ಎಲ್ಲದಾನ, ಕರಸ್ರಿ!"

ಪಡಸಾಲೆಯೆಲ್ಲ ನಕ್ಕಿತು. ನಗುತ್ತಲೇ ಎಲ್ಲರೂ ಬಂದು ಕೂತರು. ವಿಜಯಮಹಾಂತೇಶ ಬಾಗಿಲಲ್ಲಿ ನಿಂತು ನಿಟ್ಟುಸಿರು ಬಿಟ್ಟ. ಬದಲಾವಣೆ ಅಂದರೆ ಇಷ್ಟೇ ನೋಡಿ, ಒಂದು ನಗುವಿನಲ್ಲಿ ಮುಗಿದುಹೋಯಿತು.

ಆದರೆ ಟೇಬಲ್ಲಿನಿಂದ ಟೇಬಲ್ಲಿಗೆ ಕೈ ಎಟುಕುತ್ತಿರಲಿಲ್ಲ. ಸುನಂದಾಳಿಗೆ ಈಗ ಟೇಬಲ್ಲೇ ಇರಲಿಲ್ಲ, ಅವಳು ಹೆಡ್, ಎದೆಯ ಮೇಲೆ ಬಿಲ್ಲೆ ಹಾಕಿಕೊಂಡು ಸಾಲಿನ ನಡುವೆ ಅಡ್ಡಾಡಬೇಕು. ಹಾಡು ಎರಡು ದಿನ ಇತ್ತು, ಆಮೇಲೆ ನಿಂತಿತು. ಬೆನ್ನು ನೋಡಿಕೊಂಡು ಕೂತವರು ಯಾರ ಜೊತೆ ಹಾಡುತ್ತಾರೆ? ಸಂಜೆ ಒಬ್ಬೊಬ್ಬರೇ ತಾಟು ತಂದು ಮಷಿನ್ನಿನ ಮೇಲೆ ಇಡುತ್ತಿದ್ದರು. ಸಂಗವ್ವ ಎಲ್ಲರಿಗಿಂತ ಕೊನೆಗೆ ತರುತ್ತಿದ್ದಳು. ಅವಳ ತಾಟಿನಲ್ಲಿ ಎಲ್ಲರ ಅರ್ಧವೂ ಇರುತ್ತಿರಲಿಲ್ಲ. ಸುನಂದಾ ಏನೂ ಅನ್ನದೆ ತಾಟು ಖಾಲಿ ಮಾಡುತ್ತಿದ್ದಳು. ಸಾವುಕಾರರಿಗೆ ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಒಂದು ವಾರ ಸರಿಸಿದಳು. ಪುಣೆಗೆ ಮೊದಲ ಮಾಲು ಹೋಗಲಿ ಎಂದು ಇನ್ನೊಂದು ವಾರ.

ಆ ಶುಕ್ರವಾರ ಪುಣೆಯವರು ಮತ್ತೆ ನೋಡಲು ಬಂದರು. ವಿಜಯಮಹಾಂತೇಶ ಅವರನ್ನು ಕರೆದುಕೊಂಡು ಪಡಸಾಲೆಗೆ ಬರುವ ಸದ್ದಾಯಿತು. ಸಂಗವ್ವನ ತಾಟು ನೋಡಿದರೆ ತಳ ಕಾಣುತ್ತಿತ್ತು. ಸುನಂದಾಳ ಕೈಗೆ ಹಳೆಯ ಅಭ್ಯಾಸವಲ್ಲವೇ? ಆಯೇಶಾಳ ತಾಟಿನಿಂದ ಒಂದು ದೊಡ್ಡ ಹಿಡಿ ಎತ್ತಿ, ಮೂರು ಹೆಜ್ಜೆ ನಡೆದು ಬಂದು, ಸಂಗವ್ವನ ತಾಟಿಗೆ ಹಾಕಿದಳು.

ಸ್ಟೀಲಿನ ತಾಟು ಝಣ್ ಅಂದಿತು. ಪಡಸಾಲೆಯೆಲ್ಲ ತಲೆ ಎತ್ತಿ ನೋಡಿತು.

ಕೂತವಳು ಮಗ್ಗುಲಲ್ಲಿ ಕೂತವಳಿಗೆ ಹಾಕಿದರೆ ಅದು ಹಿಡಿ. ಬಿಲ್ಲೆ ಹಾಕಿಕೊಂಡು ನಿಂತವಳು ಎಲ್ಲರ ಕಣ್ಣೆದುರು ಹಾಕಿದರೆ ಅದು ಭಿಕ್ಷೆ. ಸುನಂದಾಳಿಗೆ ಇದು ಹಾಕಿದ ಮೇಲೆ ಹೊಳೆಯಿತು. ಸಂಗವ್ವ ಕೈ ನಿಲ್ಲಿಸಿದಳು. ಅಷ್ಟು ವರ್ಷಗಳಲ್ಲಿ ಮೊದಲ ಸಲ, ತನ್ನ ರಾಶಿಗೆ ಬಿದ್ದ ಹಿಡಿಯನ್ನು ನೋಡಿದಳು. ಆಮೇಲೆ ಅಂಗೈಯ ಅಂಚಿನಿಂದ ಅದನ್ನು ಬೇರ್ಪಡಿಸಿ, ತಾಟಿನ ಒಂದು ಬದಿಗೆ ಸರಿಸಿ, ತನ್ನ ಉತ್ತತ್ತಿ ಹೆಚ್ಚತೊಡಗಿದಳು. ಪುಣೆಯವರು ಟೇಬಲ್ಲು, ಟೊಪ್ಪಿಗೆ ನೋಡಿ ಸಂತೋಷಪಟ್ಟು ಹೋದರು. ಸಂಜೆ ಸಂಗವ್ವ ತನ್ನದನ್ನಷ್ಟೇ ತೂಗಿಸಿ, ಟೊಪ್ಪಿಗೆಯನ್ನು ಮಡಚಿ ಸ್ಟೂಲಿನ ಮೇಲಿಟ್ಟು ಮನೆಗೆ ಹೋದಳು. ಮರುದಿನ ಬರಲಿಲ್ಲ.

ಸುನಂದಾ ಓಡಿದ್ದು ವಿಜಯಮಹಾಂತೇಶನ ಹತ್ತಿರ. ಎಲ್ಲವನ್ನೂ ಹೇಳಿ ಅತ್ತಳು. ಅವನು ಬೆಪ್ಪಾಗಿ ಕೇಳಿಸಿಕೊಂಡ.

"ಮದಲ ಹೇಳಬೇಕಿತ್ತಲ್ರೀ ಸುನಂದಕ್ಕ! ಅವರು ನೆಲದ ಮ್ಯಾಲ ಬ್ಯಾಡ ಅಂದಿದ್ರಷ್ಟ. ಬ್ಯಾರೆ ಬ್ಯಾರೆ ಟೇಬಲ್ ಅಂತ ಯಾರಂದಿದ್ರು? ಒಂದ ಉದ್ದಂದು ಹಾಕಿ ಎಲ್ಲಾರೂ ಸುತ್ತ ಕುಂತಿದ್ರೂ ನಡೀತಿತ್ತು. ಫೋಟೊದಾಗ ಹಂಗಿತ್ತು, ನಾ ಹಂಗ ತರಿಸಿದೆ. ನೀವೂ ಏನೂ ಅನಲಿಲ್ಲ, ಛಲೋನ ಇರಬೇಕಂತ ನಾ ತಿಳದೆ."

ಅಯ್ಯೋ, ಒಂದು ಮಾತು! ಮನೆಮನೆ ತಿರುಗಿ ಎಲ್ಲರ ಬಾಯಿಂದ ಹೂಂ ಅನ್ನಿಸಿದ ಬಾಯಿಗೆ ಈ ಒಂದು ಮಾತು ಆಡಲು ಆಗಲಿಲ್ಲವೇ? ಸುನಂದಾ ಗೋಡೆಗೆ ಒರಗಿ ಕೂತುಬಿಟ್ಟಳು. ಊರೆಲ್ಲ ಕೇಳಿ ಬಂದವಳು, ಕೇಳಲೇಬೇಕಾದ ಕಡೆ ಬಾಯಿ ಹೊಲಿದುಕೊಂಡಿದ್ದಳು.

ಅವಳು ಹೋಗುವಷ್ಟರಲ್ಲಿ ಸಂಗವ್ವನ ಮನೆಗೆ ಬೀಗ. ಕೆರೂರಿನ ಮಗಳ ಮನೆಗೆ ಹೋದಳು ಎಂದರು ಪಕ್ಕದವರು. ಸುನಂದಾ ಅದೇ ದಿನ ಕೆರೂರಿಗೆ ಹೋಗಬಹುದಿತ್ತು. ಯಾವ ಮುಖ ಹೊತ್ತು ಹೋಗುವುದು ಎಂದು ಹೋಗಲಿಲ್ಲ. ಅದರ ಬದಲು ಟೇಬಲ್ಲುಗಳನ್ನೆಲ್ಲ ಎಳೆಸಿ ಒಂದಕ್ಕೊಂದು ಕೂಡಿಸಿದಳು. ಈಗ ಕೈಗೆ ಕೈ ಎಟುಕುತ್ತಿತ್ತು. ಆದರೆ ತೂಕದ ಮಷಿನ್ನು ನೋಡಿದ ಕಣ್ಣುಗಳು ಆ ಹೊತ್ತಿಗೆ ಬೇರೆಯಾಗಿದ್ದವು. ನನ್ನದಿಷ್ಟು, ನಿನ್ನದಿಷ್ಟು ಎಂಬುದು ಎಲ್ಲರಿಗೂ ಬಾಯಿಪಾಠವಾಗಿತ್ತು. ಆಯೇಶಾ ಬಸುರಿಯಾದಳು. ಅವಳ ತಾಟು ದಿನದಿನಕ್ಕೆ ಇಳಿಯಿತು, ಮಗ್ಗುಲಿನವರ ಕೈ ಆ ಕಡೆ ಹೋಗಲಿಲ್ಲ. ಸುನಂದಾ ಒಂದು ದಿನ ತಡೆಯಲಾರದೆ ಹೇಳಿದಳು.

"ಒಂದೊಂದ ಹಿಡಿ ಹಾಕ್ರೆವಾ ಆ ಹುಡುಗಿಗೆ."

ಎಲ್ಲರೂ ಹಾಕಿದರು. ಹೆಡ್ ಹೇಳಿದ ಮೇಲೆ ಹಾಕದಿರುತ್ತಾರೆಯೇ? ಆಯೇಶಾಳ ಮುಖ ಸಣ್ಣಗಾಯಿತು.

"ಬ್ಯಾಡ್ರೀ ಅಕ್ಕಾರ," ಎಂದಳು. "ನಾ ರಜಾ ತೊಗೋತೇನಿ."

ಹೆರಿಗೆಯಾದ ಮೇಲೆ ಅವಳೂ ತಿರುಗಿ ಬರಲಿಲ್ಲ.

ಇದೆಲ್ಲ ಆದ ಮೇಲೆ ಬಾಗಲಕೋಟೆಯಿಂದ ಕರೆ ಬಂತು. ನವನಗರದಲ್ಲಿ ಸಣ್ಣ ಕಾರ್ಖಾನೆಯವರ ಒಂದು ಶಿಬಿರ. ಕೆಲಸದ ಜಾಗದಲ್ಲಿ ಬದಲಾವಣೆ ತರುವುದು ಹೇಗೆ ಎಂದು ಅಷ್ಟಗಲ ಬ್ಯಾನರು ಕಟ್ಟಿದ್ದರು. ವಿಜಯಮಹಾಂತೇಶ ಹೆಮ್ಮೆಯಿಂದ ಸುನಂದಾಳನ್ನು ಕಳಿಸಿದ್ದ, ಕೈಗೆ ಒಂದು ಡಬ್ಬಿ ಕರದಂಟನ್ನೂ ಕೊಟ್ಟಿದ್ದ. ಅವಳು ವೇದಿಕೆಯ ಮೇಲೆ ಮೊಣಕಾಲಿನಿಂದ ಶುರು ಮಾಡಿ ಪುಣೆಯ ಆರ್ಡರಿನವರೆಗೆ ಹೇಳಿದಳು. ಮಂದಿ ಮೆಚ್ಚಿ ಕೇಳಿದರು. ಎದುರಿನ ಸಾಲಿನಲ್ಲಿ ಕೂತಿದ್ದ ಒಬ್ಬ ತರುಣಿ ಎದ್ದಳು.

"ಮೇಡಂ, ಯಾರೂ ವಿರೋಧ ಮಾಡ್ಲೇ ಇಲ್ಲೇನ್ರಿ?"

ಸುನಂದಾ ಮೈಕಿಗೆ ಇನ್ನಷ್ಟು ಹತ್ತಿರ ಬಂದಳು.

"ಇಲ್ರಿ," ಎಂದಳು. "ಯಾರೂ ಮಾಡ್ಲಿಲ್ಲ. ಮಾಡಿದ್ರ ಛಲೋ ಇತ್ತು."

ಜನ ಅದನ್ನು ವಿನಯ ಎಂದು ತಿಳಿದು ಚಪ್ಪಾಳೆ ತಟ್ಟಿದರು. ಕೊಟ್ಟ ಶಾಲನ್ನು ಚೀಲಕ್ಕೆ ತುರುಕಿ ಅವಳು ಬಸ್ ಸ್ಟ್ಯಾಂಡಿಗೆ ಬಂದಳು. ಅಮೀನಗಡದ ಬಸ್ಸು ನಿಂತಿತ್ತು. ಅದನ್ನು ಬಿಟ್ಟು ಕೆರೂರಿನ ಬಸ್ಸು ಹತ್ತಿದಳು.

ಅವತ್ತು ಕೆರೂರಿನ ಸಂತೆ. ಮಗಳು ಅಳಿಯ ಸಂತೆಗೆ ಹೋಗಿದ್ದರು. ಸಂಗವ್ವ ಅಂಗಳದಲ್ಲಿ ಗೋಣಿಚೀಲ ಹಾಸಿಕೊಂಡು ಶೇಂಗಾ ಸುಲಿಯುತ್ತಿದ್ದಳು. ಸುನಂದಾಳನ್ನು ಕಂಡು ಏಳಲು ಹೋದಳು, ಇವಳೇ ಬಂದು ಎದುರಿಗೆ ನೆಲದ ಮೇಲೆ ಕೂತಳು. ಮೊಣಕಾಲು ಕಟ್ ಅಂದಿತು.

"ಇನ್ನೂ ಕಮ್ಮಿ ಆಗಿಲ್ಲೇನಬೇ?" ಎಂದಳು ಸಂಗವ್ವ.

ಡಬ್ಬಿ ಮುಂದಿಟ್ಟು ಸುನಂದಾಳೂ ಶೇಂಗಾ ಎತ್ತಿಕೊಂಡಳು. ಬಹಳ ಹೊತ್ತು ಇಬ್ಬರೂ ಸುಲಿದರು.

"ಹೊಳ್ಳಿ ಬಾರಬೇ ಯಕ್ಕಾ. ಟೇಬಲ್ ಎಲ್ಲಾ ಕೂಡಿಸೇನಿ. ಈಗ ಕೈ ಮುಟ್ಟತಾವ."

"ಹಿಡಿ ಬೀಳತಾವೇನು?"

ಸುನಂದಾ ಸಿಪ್ಪೆಯನ್ನೆಲ್ಲ ಒಂದು ಕಡೆ ಗುಡ್ಡೆ ಮಾಡಿದಳು.

"ನಾ ಬಂದು ಏನ್ ಮಾಡ್ಲಿ, ತಂಗಿ? ಕೈ ನಡಗತೈತಿ ಅಂತ ಎಲ್ಲಾರಿಗೂ ಮದಲೂ ಗೊತ್ತಿತ್ತು. ಗೊತ್ತಿದ್ರೂ ಯಾರೂ ನೋಡಿರಲಿಲ್ಲ. ಈಗ ನೋಡ್ಯಾರ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸುನಂದಾ ಬದುಕಿಕೊಳ್ಳುತ್ತಿದ್ದಳು.

"ಹಿಂಗಾಗತೈತಿ ಅಂತ ನಿನಗ ಅವತ್ತ ಗೊತ್ತಿತ್ತಲ್ಲಬೇ, ಜೋಳಾ ಹಸನ ಮಾಡೂ ಮುಂದ?"

"ಗೊತ್ತಿತ್ತು."

"ಮತ್ಯಾಕ ಹೂಂ ಅಂದಿ? ಒಲ್ಲೆ ಅಂದಿದ್ರ ಯಾರೂ ಕುಂದರತಿರಲಿಲ್ಲ. ನಿನ್ನ ಜಾಗಾ ಉಳೀತಿತ್ತು."

ಸಂಗವ್ವ ಒಂದು ಕಾಯಿ ಒಡೆಯಲು ನೋಡಿದಳು. ಅದು ಬೆರಳಿನಿಂದ ಜಾರಿತು. ಮತ್ತೆ ಎತ್ತಿಕೊಂಡು ಒಡೆದಳು.

"ಹೊಸಾ ಹೆಡ್ ಆಗಿದ್ದಿ. ನಿನ್ನ ರಾಶಿ ಸಣ್ಣದಿತ್ತು," ಎಂದಳು. "ಒಂದ ಹಿಡಿ ಹಾಕಿದೆ. ನೀ ಇದನ್ನ ಕೇಳಬಾರದಿತ್ತು."

ಸುನಂದಾ ತಲೆ ತಗ್ಗಿಸಿ ಶೇಂಗಾ ಸುಲಿಯುತ್ತ ಅತ್ತಳು. ಕಣ್ಣೀರು ಮಡಿಲಿನ ಕಾಳಿನ ಮೇಲೆ ಬಿತ್ತು. ಸಂಗವ್ವ ಆ ಕಡೆ ನೋಡಲಿಲ್ಲ.